ಆಸ್ತಿ ಪಾಲಿನ ಕೇಸು: ವಕೀಲರ ಮೇಲೆ ನಂಬಿಕೆ ಹೋದ ಮೇಲೆ ನೀವೇ ವಾದಿಸುವುದು ಹೇಗೆ

ನಮ್ಮ ತಂದೆಯ ಆಸ್ತಿಯ ಕೇಸಿನಲ್ಲಿ ಮೂರು ವರ್ಷ ನಾನು ಕೇಳಿದ್ದು ಒಂದೇ ಮಾತು: "ಜಡ್ಜ್ ರಜೆ ಅಮ್ಮಾ, ಡೇಟ್ ಬಿತ್ತು." ಒಂದು ದಿನ ತಡೆಯಲಾರದೆ ಆರ್ಡರ್ ಶೀಟ್‌ನ ನಕಲು ತೆಗೆಸಿದೆ. ಅದರಲ್ಲಿ ಜಡ್ಜ್ ರಜೆ ಇದ್ದದ್ದು ಎರಡೇ ಸಲ. ಉಳಿದ ಕಡೆಯೆಲ್ಲ "ವಾದಿ ಪರ ವಕೀಲರು ಗೈರು" ಅಂತ ಬರೆದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಕೇಸು ಉಳಿದದ್ದೂ ಆ ಕಾಗದದಿಂದಲೇ.

ಅದಕ್ಕೇ ನಿಮಗೂ ಮೊದಲು ಹೇಳುವುದು ಇದನ್ನೇ. ಆರ್ಡರ್ ಶೀಟ್ ಓದಿ. ಪ್ರತಿ ವಾಯಿದೆಯ ದಿನ ಯಾರು ಬಂದಿದ್ದರು, ಯಾರು ಸಮಯ ಕೇಳಿದರು, ಏನು ಆದೇಶ ಆಯಿತು ಅನ್ನುವುದೆಲ್ಲ ಅದರಲ್ಲಿರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ 16 ಅಕ್ಷರಗಳ ಸಿಎನ್‌ಆರ್ ನಂಬರ್ ಹಾಕಿದರೆ ವಾಯಿದೆಗಳ ಪಟ್ಟಿ ಮನೆಯಲ್ಲೇ ಸಿಗುತ್ತದೆ. ಪೂರ್ತಿ ವಿವರ ಬೇಕಾದರೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆದುಕೊಳ್ಳಿ. ವಾದಪತ್ರ (ದಾವೆ ಹೂಡಿದವರು ಕೊಟ್ಟದ್ದು), ಲಿಖಿತ ಹೇಳಿಕೆ (ಅದಕ್ಕೆ ಎದುರಿನವರ ಉತ್ತರ), ಐಎಗಳು (ಕೇಸಿನ ನಡುವೆ ಹಾಕುವ ಅರ್ಜಿಗಳು), ಎಲ್ಲದರ ನಕಲೂ ಇರಲಿ. ನಿಮ್ಮ ಹೆಸರಿನಲ್ಲಿ ಏನೇನು ಸಲ್ಲಿಸಿದ್ದಾರೆ ಅಂತ ನೀವೇ ಮೊದಲ ಸಲ ಓದುವಾಗ ಆಶ್ಚರ್ಯ ಆಗಬಹುದು, ಕೆಲವು ಸಲ ಸಿಟ್ಟೂ ಬರಬಹುದು.

ನಿಮ್ಮ ಕೇಸನ್ನು ನೀವೇ ನಡೆಸಲು ಕಾನೂನಿನಲ್ಲಿ ಅಡ್ಡಿ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 1 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೋರ್ಟಿನಲ್ಲಿ ಇದಕ್ಕೆ ಪಾರ್ಟಿ ಇನ್ ಪರ್ಸನ್ ಅನ್ನುತ್ತಾರೆ. ಆದರೆ ನೀವು ವಾದಿಸುವುದು ನಿಮ್ಮ ಪರವಾಗಿ ಮಾತ್ರ. ತಂಗಿಯ ಪರವಾಗಿಯೂ ವಾದಿಸಬೇಕೆಂದರೆ 1961ರ ವಕೀಲರ ಕಾಯ್ದೆಯ ಕಲಂ 32ರ ಪ್ರಕಾರ ಕೋರ್ಟಿನ ಅನುಮತಿ ಬೇಕು. ಈಗಾಗಲೇ ವಕೀಲರಿದ್ದರೆ ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ. ಅವರ ವಕಾಲತ್ತು (ನಿಮ್ಮ ಪರ ನಿಲ್ಲಲು ನೀವು ಕೊಟ್ಟ ಅಧಿಕಾರ ಪತ್ರ) ಹಿಂಪಡೆಯುತ್ತೇನೆ ಅಂತ ಬರೆದು, ಸಹಿ ಹಾಕಿ ಸಲ್ಲಿಸಿ, ಕೋರ್ಟಿನ ಒಪ್ಪಿಗೆ ಪಡೆಯಬೇಕು.

"ಬಾಕಿ ಫೀಸ್ ಕೊಡಿ, ಆಮೇಲೆ ಫೈಲ್" ಅಂತ ಹೆದರಿಸುವವರು ಇದ್ದಾರೆ. ಹೆದರಬೇಡಿ. ಫೀಸ್ ಬಾಕಿ ಇದೆ ಅನ್ನುವ ಕಾರಣಕ್ಕೆ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಫೈಲ್ ಕೇಳಿ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗೆದ್ದ ಆಸ್ತಿಯಲ್ಲಿ ಇಷ್ಟು ಪಾಲು ನನಗೆ ಅಂತ ವಕೀಲರು ಒಪ್ಪಂದ ಮಾಡಿಕೊಳ್ಳುವುದು, ನಿಮಗೆ ಸಲಹೆ ಕೊಟ್ಟು ಅದೇ ಕೇಸಿನಲ್ಲಿ ಎದುರು ಪಾರ್ಟಿಯ ಪರ ನಿಲ್ಲುವುದು, ಎರಡೂ ಬಾರ್ ಕೌನ್ಸಿಲ್ ನಿಯಮಗಳಿಗೆ ವಿರುದ್ಧ. ಇಂಥದ್ದಕ್ಕೆ ವಕೀಲರ ಕಾಯ್ದೆಯ ಕಲಂ 35ರ ಕೆಳಗೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಆ ಜಗಳವನ್ನು ಮಾತ್ರ ಪಾಲಿನ ಕೇಸಿನೊಳಗೆ ತರಬೇಡಿ. ನಾನು ತಂದಿದ್ದೆ. "ಸ್ವಾಮಿ, ನಮ್ಮ ವಕೀಲರು ಅವರ ಜೊತೆ ಸೇರಿಕೊಂಡಿದ್ದಾರೆ" ಅಂತ ಎದ್ದು ನಿಂತು ಹೇಳಿದ ದಿನ ಜಡ್ಜ್ ಕೇಳಿದ್ದು ಒಂದೇ, "ದಾಖಲೆ ಏನಿದೆ?" ನನ್ನ ಹತ್ತಿರ ಏನೂ ಇರಲಿಲ್ಲ. ಮುಂದಿನ ಸಲ ಆರ್ಡರ್ ಶೀಟ್‌ನ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಯಾರ ಮೇಲೂ ಆರೋಪ ಮಾಡದೆ, ಸಾಕ್ಷ್ಯ ಹೇಳಲು ಇನ್ನೊಂದು ಅವಕಾಶ ಕೊಡಿ ಅಂತ ಅರ್ಜಿ ಹಾಕಿದೆ. ಅದಕ್ಕೆ ಆದೇಶ ಸಿಕ್ಕಿತು.

ಇನ್ನು ಗಡುವಿನ ವಿಷಯ. ನೀವು ಪ್ರತಿವಾದಿಯಾಗಿದ್ದರೆ ಸಮನ್ಸ್ ಕೈಸೇರಿದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣ ತೋರಿಸಿದರೆ 90 ದಿನದವರೆಗೆ ಸಿಗಬಹುದು, ಆಮೇಲೆ ಜಡ್ಜ್ ಅವರನ್ನು ಒಪ್ಪಿಸುವುದು ಕಷ್ಟ. ವಾದಪತ್ರದ ಒಂದೊಂದು ಪ್ಯಾರಾಕ್ಕೂ ಬೇರೆ ಬೇರೆ ಉತ್ತರ ಬರೆಯಿರಿ. "ಎಲ್ಲವೂ ಸುಳ್ಳು" ಅಂತ ಒಂದೇ ಸಾಲು ಬರೆದರೆ ಸಾಲದು, ಯಾಕೆಂದರೆ ನಿರ್ದಿಷ್ಟವಾಗಿ ಅಲ್ಲಗಳೆಯದ ಮಾತನ್ನು ಒಪ್ಪಿದಂತೆ ಅಂತ ಕೋರ್ಟ್ ತಿಳಿಯಬಹುದು. ತಪ್ಪು ವಿಳಾಸಕ್ಕೆ ಸಮನ್ಸ್ ಕಳಿಸಿ ನಿಮ್ಮ ಬೆನ್ನ ಹಿಂದೆ ಏಕಪಕ್ಷೀಯ ಡಿಕ್ರಿ ತಂದುಕೊಂಡಿದ್ದರೆ ಅದನ್ನು ರದ್ದು ಮಾಡಿಸಲು ಆದೇಶ 9, ನಿಯಮ 13ರ ಕೆಳಗೆ ಅರ್ಜಿ ಹಾಕಬೇಕು. ಅದಕ್ಕೂ 30 ದಿನ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಡಿಕ್ರಿ ವಿಷಯ ನಿಮಗೆ ಗೊತ್ತಾದ ದಿನದಿಂದ ಲೆಕ್ಕ.

ಕಾಗದಗಳನ್ನು ಯಾರಿಗೂ ಕಾಯದೆ ನೀವೇ ಕೂಡಿಸಿ. ಪಹಣಿ, ಮ್ಯುಟೇಷನ್, ವಂಶವೃಕ್ಷ, ಮರಣ ಪ್ರಮಾಣಪತ್ರ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಇಸಿಯಲ್ಲಿ ನಿಮಗೆ ಗೊತ್ತೇ ಇರದ ಹಕ್ಕು ಬಿಡುಗಡೆ ಪತ್ರವೋ ದಾನಪತ್ರವೋ ಕಾಣಿಸಬಹುದು. ಕಂಡರೆ ತಕ್ಷಣ ಅದರ ನಕಲು ತೆಗೆಸಿ. "ಖಾತೆ ನಮ್ಮ ಹೆಸರಿನಲ್ಲಿದೆ, ಆಸ್ತಿ ನಮ್ಮದೇ" ಅನ್ನುವ ಮಾತಿಗೆ ಸೋಲಬೇಡಿ. ಖಾತೆ, ಪಹಣಿ ಇರುವುದು ಮುಖ್ಯವಾಗಿ ಕಂದಾಯಕ್ಕೆ. ಅವುಗಳಿಂದಲೇ ಒಡೆತನ ಹುಟ್ಟುವುದಿಲ್ಲ. ಹೆಣ್ಣುಮಕ್ಕಳು ಇನ್ನೊಂದು ವಿಷಯ ತಿಳಿದಿರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗವನ್ನು ಇದು ಮುಟ್ಟುವುದಿಲ್ಲ. ಹಾಗಾಗಿ ಎದುರಿನವರು ಹಳೆಯ ವಿಭಾಗದ ಮಾತೆತ್ತಿದರೆ ಮೊದಲು ತಾರೀಖು ನೋಡಿ, ಆಮೇಲೆ ನೋಂದಣಿ ನಂಬರ್ ಕೇಳಿ.

ನೀವು ಒಬ್ಬರೇ ನಿಂತಿದ್ದೀರಿ ಅಂತ ಗೊತ್ತಾದ ಮೇಲೆ ಎದುರು ವಕೀಲರು ವರಾಂಡದಲ್ಲಿ ಬಹಳ ಪ್ರೀತಿಯಿಂದ ಮಾತಾಡಿಸುತ್ತಾರೆ. "ಅಣ್ಣ ತಮ್ಮಂದಿರ ಜಗಳ, ಯಾಕೆ ಅಲೆದಾಡುತ್ತೀರಾ, ಇಲ್ಲೊಂದು ಸಹಿ ಹಾಕಿ." ಹಾಕಬೇಡಿ. ಮನೆಗೆ ತಂದು ಎರಡು ದಿನ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಯಾರು ಹೇಳಿದರೂ ಬೇಡ. ರಾಜಿ ಡಿಕ್ರಿ ಆಗಿಹೋದರೆ, ಆ ರಾಜಿಯೇ ಕಾನೂನುಬದ್ಧವಲ್ಲ ಅನ್ನಲು ಬೇರೆ ದಾವೆ ಹಾಕುವಂತಿಲ್ಲ, ಅದೇ ಕೋರ್ಟಿಗೆ ಹೋಗಿ ಹೇಳಬೇಕು. ಮೋಸ ಆಗಿದೆ ಅಂತ ತೋರಿಸುವುದು ಆಗ ಬಹಳ ಕಷ್ಟ. ರಾಜಿ ತಪ್ಪಲ್ಲ, ಒಳ್ಳೆಯ ರಾಜಿ ಹತ್ತು ವರ್ಷ ಉಳಿಸುತ್ತದೆ. ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಅಂತ ನೀವೇ ಜಡ್ಜ್ ಅವರನ್ನು ಕೇಳಿ, ಅಲ್ಲಿ ಕೂತು ಮಾತಾಡಿ.

ಕೇಸು ನಡೆಯುವಾಗಲೇ ಆಸ್ತಿ ಮಾರಿಬಿಡುತ್ತಾರೆ ಅನ್ನುವ ಭಯ ಇದ್ದರೆ ಆದೇಶ 39ರ ಕೆಳಗೆ ತಡೆಯಾಜ್ಞೆಗೆ ಅರ್ಜಿ ಹಾಕಿ. ಮಾರಿದರೂ ಕೊಂಡವರು ಈ ಕೇಸಿನ ತೀರ್ಪಿಗೆ ಬದ್ಧರು. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52 ಹೇಳುವುದು ಅದನ್ನೇ.

ಎದುರಿನವರು ಇದ್ದಕ್ಕಿದ್ದಂತೆ ಒಂದು ವಿಲ್ ತೆಗೆದರೆ ಕಂಗಾಲಾಗಬೇಡಿ. ರಿಜಿಸ್ಟರ್ ಆಗಿದೆ ಅಂದಮಾತ್ರಕ್ಕೆ ಅದು ಸಾಬೀತಾದಂತಲ್ಲ. ವಿಲ್‌ಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಅವರಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ, ಆ ಅನುಮಾನ ಹೋಗಲಾಡಿಸುವ ಹೊಣೆ ವಿಲ್ ತಂದವರದ್ದೇ. ಇದನ್ನು ಹೇಳಿದ್ದು 1958ರ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ ತೀರ್ಪು, ಅದರ ಪ್ರತಿ ಜೊತೆಗಿರಲಿ. ಎದುರಿನ ಸಾಕ್ಷಿಯನ್ನು ನೀವು ಪ್ರಶ್ನಿಸುವ ಪಾಟೀ ಸವಾಲಿನಲ್ಲಿ ಒಂದು ಪ್ರಶ್ನೆಗೆ ಒಂದೇ ಸಂಗತಿ ಇರಲಿ: ವಿಲ್ ಬರೆದ ದಿನ ತಂದೆ ಆಸ್ಪತ್ರೆಯಲ್ಲಿದ್ದರು ಎಂದರೆ ಸರಿಯೇ? ಆ ದಿನ ನೀವು ಅಲ್ಲಿರಲಿಲ್ಲ ಎಂದರೆ ಸರಿಯೇ? "ಯಾಕೆ" ಅಂತ ಕೇಳಬೇಡಿ, ಕೇಳಿದರೆ ಅವರು ಕಲಿತು ಬಂದ ಕಥೆ ಪೂರ್ತಿ ದಾಖಲಾಗುತ್ತದೆ. ನಿಮ್ಮನ್ನು ಅವರು ಪ್ರಶ್ನಿಸುವಾಗ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಸಹಿ ಹಾಕುವ ಮೊದಲು ಹೇಳಿಕೆಯನ್ನು ಪೂರ್ತಿ ಓದಿ.

ಕೋರ್ಟಿನಲ್ಲಿ ಕನ್ನಡದಲ್ಲೇ ಮಾತಾಡಿ, ಕರ್ನಾಟಕದ ಅಧೀನ ನ್ಯಾಯಾಲಯಗಳಲ್ಲಿ ಅದಕ್ಕೇನೂ ತೊಂದರೆ ಇಲ್ಲ. ಬೆಳಿಗ್ಗೆ ಬೇಗ ಹೋಗಿ ಕೂರಿ. ಏನು ಸಲ್ಲಿಸಿದರೂ ಎದುರಿನವರಿಗೆ ಒಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸಹಿ ಮಾಡಿಸಿಕೊಳ್ಳಿ.

ಒಬ್ಬರೇ ನಿಭಾಯಿಸಲು ಆಗದ ಕೇಸುಗಳೂ ಇವೆ. ಸಹಿ ನಕಲಿ ಅಂತ ತಜ್ಞರನ್ನು ಪ್ರಶ್ನಿಸಬೇಕಾದಾಗ, ಹೈಕೋರ್ಟ್ ಮೇಲ್ಮನವಿ ಬಂದಾಗ, ಒಬ್ಬ ಒಳ್ಳೆಯ ವಕೀಲರ ಸಹಾಯ ತೆಗೆದುಕೊಳ್ಳಿ. ಅಂಥವರು ಖಂಡಿತ ಇದ್ದಾರೆ, ನನಗೂ ಒಬ್ಬರು ಸಿಕ್ಕರು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿ. ಮೇಲ್ಮನವಿಗೆ ಜಿಲ್ಲಾ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಪಾಲಿನ ಕೇಸಿನಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಪಾಲು ಅಂತ ಅಷ್ಟೇ ಅದರಲ್ಲಿರುತ್ತದೆ. ಅದರ ಮೇಲೆ ಮೇಲ್ಮನವಿ ಹಾಕದೆ ಬಿಟ್ಟರೆ ಅಂತಿಮ ಡಿಕ್ರಿ ಬಂದಾಗ ಆ ಪಾಲಿನ ಲೆಕ್ಕವನ್ನು ಪ್ರಶ್ನಿಸಲು ಆಗುವುದಿಲ್ಲ. ಗೆದ್ದರೂ ಅಲ್ಲಿಗೇ ನಿಲ್ಲಬೇಡಿ. ಅಂತಿಮ ಡಿಕ್ರಿಗೆ ಕೇಳಿ, ಮನೆ ನಿವೇಶನ ಆದರೆ ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳೆಯುತ್ತಾರೆ, ಕಂದಾಯದ ಜಮೀನಾದರೆ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಪಾಲಾಗುತ್ತದೆ. ಅಳತೆಯ ದಿನ ನೀವು ಅಲ್ಲೇ ಇರಿ.