ಓದು ಅರ್ಥವಾಗದ ಮಕ್ಕಳಿಗೆ ಕಥೆ ಬರೆಸಿದ ಅನುಭವ

ಪಾಠವನ್ನು ತಡವರಿಸದೆ ಓದಿ, ಅದರಲ್ಲಿ ಏನಾಯಿತೆಂದು ಕೇಳಿದರೆ ಸುಮ್ಮನಾಗುವ ಮಕ್ಕಳು ಹೆಚ್ಚುಕಡಿಮೆ ಎಲ್ಲ ತರಗತಿಗಳಲ್ಲೂ ಇರುತ್ತಾರೆ. ಅಂಥವರಿಗೆ ಮತ್ತಷ್ಟು ಓದಿಸುವ ಬದಲು ನಾನು ಕಥೆ ಬರೆಸತೊಡಗಿದೆ. ಓದಿದ್ದರ ಬಗ್ಗೆ ಬರೆಯುವುದರಿಂದಲೂ ಬರೆಯುವ ಅವಕಾಶವನ್ನು ಹೆಚ್ಚಿಸುವುದರಿಂದಲೂ ಓದಿನ ಗ್ರಹಿಕೆ ಸುಧಾರಿಸುತ್ತದೆಯೆಂದು, ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಸ್ಟೀವ್ ಗ್ರಹಾಂ ಮತ್ತು ಮೈಕೆಲ್ ಹೆಬರ್ಟ್ 2010ರಲ್ಲಿ ವರದಿ ಮಾಡಿದ್ದಾರೆ. ಆದರೆ ಏನನ್ನು ಹೇಗೆ ಬರೆಸಬೇಕೆಂಬುದನ್ನು ತರಗತಿಯಲ್ಲೇ ಕಂಡುಕೊಳ್ಳಬೇಕಾಗುತ್ತದೆ.

ಇನ್ನೂ ಅಕ್ಷರ ಕೂಡಿಸುತ್ತಿದ್ದ ಚಿಕ್ಕವರು ಹೇಳಿದ ಕಥೆಯನ್ನು ಅವರ ಮಾತಿನಲ್ಲೇ, ವ್ಯಾಕರಣ ತಿದ್ದದೆ, ನಾನೇ ಬರೆದು ಮರುದಿನ ಓದಲು ಕೊಡುತ್ತಿದ್ದೆ. ಅರ್ಥ ಮೊದಲೇ ಗೊತ್ತಿದ್ದುದರಿಂದ ಒತ್ತಕ್ಷರಗಳು ಅವರನ್ನು ಅಷ್ಟಾಗಿ ತಡೆಯಲಿಲ್ಲ. ಬಾಯಿಪಾಠ ಒಪ್ಪಿಸುತ್ತಿದ್ದಾರೆಂಬ ಅನುಮಾನ ಬಂದರೆ ವಾಕ್ಯಗಳನ್ನು ಕತ್ತರಿಸಿ, ಕಲೆಸಿ, ಜೋಡಿಸಲು ಹೇಳುತ್ತಿದ್ದೆ.

ಸ್ವತಃ ಬರೆಯಬಲ್ಲವರಿಗೆ ‘ಏನಾದರೂ ಬರೆಯಿರಿ’ ಎಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಆದ್ದರಿಂದ ಹೊಸ ಕಥೆಯೊಂದನ್ನು ಓದಿಸುತ್ತಾ, ಪಾತ್ರವೊಂದು ನಿರ್ಧಾರ ತೆಗೆದುಕೊಳ್ಳಬೇಕಾದ ಕಡೆ ನಿಲ್ಲಿಸಿ, ಮುಂದಿನ ಐದಾರು ವಾಕ್ಯಗಳನ್ನು ಅವರಿಂದ ಬರೆಸುತ್ತಿದ್ದೆ. ಹಾಗೆ ಬರೆಯಲು, ಆ ಪಾತ್ರ ಪುಕ್ಕಲು ಸ್ವಭಾವದ್ದೋ ಹಟಮಾರಿಯೋ ಎಂದು ಹಿಂದಿನ ಪುಟಗಳಲ್ಲಿ ಹುಡುಕಲೇಬೇಕಾಗುತ್ತದೆ. ಪ್ರಶ್ನೋತ್ತರಕ್ಕಾಗಿ ಎಂದೂ ಎರಡನೆಯ ಸಲ ಓದದವರು ಇಲ್ಲಿ ಯಾರೂ ಹೇಳದೆ ಓದಿದರು. ಅನಂತರ ಮೂಲ ಕಥೆಯನ್ನು ತೆರೆದಾಗ ಅದನ್ನು ಸರಿಯುತ್ತರವೆಂದು ನಾನು ಮುಂದಿಡುತ್ತಿರಲಿಲ್ಲ; ಯಾವ ಮುಂದುವರಿಕೆಗೆ ಹಿಂದಿನ ಪುಟಗಳಲ್ಲಿ ಹೆಚ್ಚು ಆಧಾರವಿದೆ ಎಂಬುದಷ್ಟೇ ಚರ್ಚೆಯಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಬ್ಬರು ಬರೆದದ್ದನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿದ್ದು. ಬರೆದವರು ನಡುವೆ ಬಾಯಿ ಹಾಕುವಂತಿಲ್ಲ. ಇಬ್ಬರು ಹುಡುಗರಿರುವ ಕಥೆಯಲ್ಲಿ ‘ಅವನು ಅವನ ಚೀಲವನ್ನು ಬಚ್ಚಿಟ್ಟನು’ ಎಂದು ಬಂದರೆ, ಯಾರು ಯಾರ ಚೀಲವನ್ನು ಬಚ್ಚಿಟ್ಟದ್ದೆಂದು ತಿಳಿಯದೆ ಓದುಗರು ನಿಲ್ಲುತ್ತಾರೆ. ತಮ್ಮ ಮನಸ್ಸಿನಲ್ಲಿದ್ದುದು ಹಾಳೆಯ ಮೇಲೆ ಬಂದಿಲ್ಲವೆಂಬುದು ಬರೆದವರಿಗೆ ಆಗ ಹೊಳೆಯುತ್ತದೆ. ಈ ಪೇಚಿಗೆ ಸಿಕ್ಕವರು ಕ್ರಮೇಣ ಅಚ್ಚಾದ ಪುಸ್ತಕದಲ್ಲೂ ‘ಇದು ಯಾರ ಮಾತು, ಇಲ್ಲಿ ಹೇಳದೆ ಬಿಟ್ಟದ್ದೇನು’ ಎಂದು ಕೇಳತೊಡಗಿದರು. ಗ್ರಹಿಕೆಯ ಬಗ್ಗೆ ನಾನು ಕೊಟ್ಟ ಯಾವ ವಿವರಣೆಯೂ ಇಷ್ಟು ಕೆಲಸ ಮಾಡಿರಲಿಲ್ಲ.

ಮೊದಲ ಕರಡಿನಲ್ಲಿ ಕಾಗುಣಿತ ತಿದ್ದುತ್ತಿರಲಿಲ್ಲ, ಅಂಕವನ್ನೂ ಕೊಡುತ್ತಿರಲಿಲ್ಲ. ತಪ್ಪಿಗೆ ಹೆದರಿದ ಮಗು ತನಗೆ ಬರೆಯಲು ಬರುವ ಪದಗಳಲ್ಲೇ ಕಥೆಯನ್ನು ಮುಗಿಸಿಬಿಡುತ್ತದೆ. ತರಗತಿಯ ಓದಿನ ಮೂಲೆಗೆ ಹೋಗುವ ಪ್ರತಿಯನ್ನು ಮಾತ್ರ ಒಟ್ಟಿಗೆ ಕುಳಿತು ತಿದ್ದುತ್ತಿದ್ದೆವು. ಇನ್ನೊಬ್ಬರು ಓದುತ್ತಾರೆಂಬುದು ಖಚಿತವಾಗಿದ್ದಾಗ ಮಕ್ಕಳು ಆ ತಿದ್ದುಪಡಿಗೆ ಬೇಸರಿಸಿಕೊಳ್ಳಲಿಲ್ಲ.