ಮಲೆನಾಡಿನ ಸಭೆಯಲ್ಲಿ ಯೌವನಸ್ಥರ ಸೇವೆ: ಮೊದಲು ಮನೆಗಳಿಗೆ ಹೋಗಿ

ನಾನು ಸಕಲೇಶಪುರ ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕಿ. ಭಾನುವಾರ ನಮ್ಮ ಕ್ರೈಸ್ತ ಸಭೆಯ ಯೌವನಸ್ಥರ ಕೂಟವನ್ನು ನೋಡಿಕೊಳ್ಳುತ್ತೇನೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಣ್ಣ ಸಭೆಗಳಲ್ಲಿ ಇದೇ ಹೊಣೆ ಹೊತ್ತಿರುವವರ ದುಗುಡ ನನಗೆ ಚೆನ್ನಾಗಿ ಗೊತ್ತು. ಹಾಡು, ಆಟ, ಸಂದೇಶ ಎಲ್ಲವನ್ನೂ ಸಿದ್ಧಮಾಡಿಕೊಂಡು ಹೋದರೆ ಬಂದಿರುವವರು ನಾಲ್ಕೇ ಜನ. ಅಂಥವರಿಗೆ ನಾನು ಹೇಳುವುದು ಒಂದೇ. ಕಾರ್ಯಕ್ರಮಗಳನ್ನು ಅರ್ಧಕ್ಕೆ ಇಳಿಸಿ. ಉಳಿಯುವ ಸಮಯದಲ್ಲಿ ಆ ಮಕ್ಕಳ ಮನೆಗಳಿಗೆ ಹೋಗಿ.

ಮನೆ ಭೇಟಿಗೂ ಒಂದು ಕ್ರಮವಿದೆ. ಕಾಫಿ ತೋಟದ ಲೈನ್ ಮನೆಗಳಿಗೆ, ಅಂದರೆ ಕಾರ್ಮಿಕರ ಸಾಲುಮನೆಗಳಿಗೆ, ಹೋಗುವ ಮುನ್ನ ತೋಟದ ಕೆಲಸ ನೋಡಿಕೊಳ್ಳುವ ಎಸ್ಟೇಟ್ ರೈಟರ್‌ಗೆ ತಿಳಿಸಿ, ಒಪ್ಪಿಗೆ ಪಡೆಯಿರಿ. ಬಟವಾಡೆಯ ದಿನವೂ ಸಂತೆಯ ದಿನವೂ ಬೇಡ. ಮನೆಯವರು ರೇಷನ್ನು, ಸಾಮಾನು ಎಂದು ಓಡಾಡುತ್ತಿರುತ್ತಾರೆ. ಕೆಲಸ ಬಿಟ್ಟು ಬಂದು ಕೈಕಾಲು ತೊಳೆದುಕೊಂಡ ಹೊತ್ತು ಒಳ್ಳೆಯದು, ಆದರೆ ಕತ್ತಲಾಗುವ ಮೊದಲೇ ಹೊರಟುಬಿಡಿ. ಸಕಲೇಶಪುರ, ಆಲೂರು, ಮೂಡಿಗೆರೆಯ ಕಡೆ ಆನೆ ಓಡಾಡುವ ದಾರಿಗಳಲ್ಲಿ ಮುಸ್ಸಂಜೆಯ ನಂತರ ನೀವೂ ನಡೆಯಬಾರದು, ಮಕ್ಕಳನ್ನೂ ನಡೆಸಬಾರದು. ಸಂಜೆಯ ಪ್ರಾರ್ಥನಾ ಕೂಟವನ್ನು ಗೊತ್ತುಮಾಡುವಾಗಲೂ ಇದು ನೆನಪಿರಲಿ. ಸುತ್ತಮುತ್ತ ಆನೆ ಬಂದಿದೆ ಎಂಬ ಸುದ್ದಿ ಸಿಕ್ಕರೆ ಅಂದಿನ ಕೂಟವನ್ನು ಬಿಟ್ಟುಬಿಡಿ. ಕರ್ತನ ಕೆಲಸ ಮರುದಿನವೂ ಇರುತ್ತದೆ.

ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಅಜ್ಜಿ ಇದ್ದರೆ ಮೊದಲು ಅವರನ್ನು ಮಾತಾಡಿಸಿ. ಕೊಟ್ಟ ಕಾಫಿಯನ್ನು ಕುಡಿಯಿರಿ. "ಮಗ ಯಾಕೆ ಕೂಟಕ್ಕೆ ಬರುತ್ತಿಲ್ಲ" ಎಂದು ತಾಯಿಯನ್ನು ಕೇಳಬೇಡಿ. ಆ ಪ್ರಶ್ನೆ ಕೇಳಿದ ಕ್ಷಣ ನೀವು ಹಾಜರಿ ತೆಗೆಯಲು ಬಂದವರಾಗುತ್ತೀರಿ. ಓದು ಹೇಗಿದೆ, ಪರೀಕ್ಷೆ ಯಾವಾಗ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಇಷ್ಟು ಕೇಳಿ. ಹೊರಡುವಾಗ "ಪ್ರಾರ್ಥನೆ ಮಾಡಲೇ?" ಎಂದು ಕೇಳಿ, ಒಪ್ಪಿದರೆ ಎರಡೇ ನಿಮಿಷ ಮಾಡಿ. ಮನೆಗೆ ಬಂದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ತರಗತಿ, ಪರೀಕ್ಷೆಯ ದಿನಾಂಕ, ಅವರು ಹೇಳಿಕೊಂಡ ಚಿಂತೆ ಬರೆದಿಡಿ. ಮುಂದಿನ ಸಲ ಮಾತು ಅಲ್ಲಿಂದಲೇ ಶುರುವಾಗಲಿ. "ಅಪ್ಪನ ಬೆನ್ನುನೋವು ಈಗ ಹೇಗಿದೆ?" ಎಂದು ಕೇಳುವ ಅಕ್ಕನ ಮಾತಿಗೆ ಹದಿನಾರರ ಹುಡುಗ ಕೊಡುವ ಬೆಲೆಯನ್ನು ಎಷ್ಟು ದೊಡ್ಡ ಸಂದೇಶಕ್ಕೂ ಕೊಡುವುದಿಲ್ಲ.

ಬೇರೆ ಧರ್ಮದ ಮನೆಯ ಮಕ್ಕಳು ಗೆಳೆಯರೊಂದಿಗೆ ಆಟಕ್ಕೋ ಹಾಡಿಗೋ ಬಂದರೆ ಪ್ರೀತಿಯಿಂದ ಕೂರಿಸಿ. ಆದರೆ ಅವರ ತಂದೆತಾಯಿಗೆ ನೀವೇ ಹೋಗಿ ತಿಳಿಸಿ. ಅವರು ಬೇಡವೆಂದರೆ ಆ ಮಾತನ್ನು ಗೌರವಿಸಿ.

ವರ್ಷದ ಯೋಜನೆಯನ್ನು ನಮ್ಮ ನೆಲದ ಕಾಲಮಾನ ನೋಡಿ ಮಾಡಿ. ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ದೇವಾಲಯದಲ್ಲಿ (ಚರ್ಚಿನಲ್ಲಿ) ಸೇರುವ ಬದಲು ಒಂದೊಂದು ಕಡೆ ಒಂದೊಂದು ಮನೆಯಲ್ಲಿ ಸೇರಿ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ. ದೊಡ್ಡ ಮಕ್ಕಳೂ ಮನೆಯವರಿಗೆ ನೆರವಾಗುವ ಆ ದಿನಗಳಲ್ಲಿ ಕ್ಯಾರಲ್ಸ್ ಒಂದನ್ನು ಬಿಟ್ಟು ಬೇರೇನೂ ಇಟ್ಟುಕೊಳ್ಳಬೇಡಿ. ಫೆಬ್ರುವರಿ, ಮಾರ್ಚ್ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳದು. ಆಗ ಕೂಟದ ಜಾಗವನ್ನೇ ಓದುವ ಕೋಣೆ ಮಾಡಿ, ಗಣಿತ ಬಲ್ಲವರನ್ನು ಕರೆತನ್ನಿ. ಶಿಬಿರವನ್ನು ಬೇಸಿಗೆ ರಜೆಗೆ ಬಿಡಿ.

ಬೇಸಿಗೆಯಲ್ಲಿ ಒಂದು ದಿನ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ದೇವಾಲಯ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ನೀರು ಇಳಿದಾಗ ಒಳಗೆ ನಡೆದು ಹೋಗಬಹುದು. ಗೋಡೆಗಳು ಶಿಥಿಲವಾಗಿವೆ, ಯಾರನ್ನೂ ಹತ್ತಲು ಬಿಡಬೇಡಿ. ಅಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿ: ಊರು ಮುಳುಗಿ ಜನ ಬೇರೆಡೆಗೆ ಹೋದಾಗ ಸಭೆ ಎಲ್ಲಿಗೆ ಹೋಯಿತು? ಉತ್ತರವನ್ನು ನೀವು ಹೇಳಬೇಡಿ.

ಸತ್ಯವೇದ (ಬೈಬಲ್) ಅಧ್ಯಯನಕ್ಕೆ ನಾನು ಅನುಸರಿಸುವ ಮಾದರಿ ಲೂಕ 24ರ ಎಮ್ಮಾಹು ದಾರಿ. ಅಲ್ಲಿ ಯೇಸು ಮೊದಲು ಮಾಡಿದ್ದು ಎಮ್ಮಾಹು ಊರಿಗೆ ಹೊರಟಿದ್ದ ಇಬ್ಬರು ಶಿಷ್ಯರ ಜೊತೆ ನಡೆದದ್ದು. ಎರಡನೆಯದು, ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿದ್ದು. ಅವರು ತಮ್ಮ ನಿರಾಶೆಯನ್ನೆಲ್ಲ ಹೇಳಿಕೊಂಡ ಮೇಲೆಯೇ ಆತನು ಶಾಸ್ತ್ರಗಳನ್ನು ವಿವರಿಸಿದನು. ಕೂಟದಲ್ಲಿಯೂ ಮೊದಲ ಕಾಲು ಗಂಟೆ ಮಕ್ಕಳದೇ ಮಾತಾಗಿರಲಿ. ಆಮೇಲೆ ಭಾಗವನ್ನು ಇಬ್ಬರಿಂದ ಎರಡು ಸಲ ಗಟ್ಟಿಯಾಗಿ ಓದಿಸಿ, ಪುಸ್ತಕ ಮುಚ್ಚಿಸಿ, ಒಬ್ಬರಿಂದ ಕಥೆ ಹೇಳಿಸಿ. ಬಿಟ್ಟುಹೋದದ್ದನ್ನು ಉಳಿದವರು ಸೇರಿಸಲಿ. ನಂತರ ಮೂರೇ ಪ್ರಶ್ನೆ: ಇದರಲ್ಲಿ ದೇವರು ಹೇಗೆ ಕಾಣುತ್ತಾನೆ? ನಿನಗೆ ಒಪ್ಪಲು ಕಷ್ಟವಾದ ಮಾತು ಯಾವುದು? ಈ ವಾರ ಏನು ಮಾಡುತ್ತೀಯ? ಎರಡನೆಯ ಪ್ರಶ್ನೆಗೆ ಬರುವ ಉತ್ತರಕ್ಕೆ ಬೆದರಬೇಡಿ. ಸಂದೇಹವನ್ನು ಸಭೆಯೊಳಗೆ ಹೇಳಲು ಬಿಡದಿದ್ದರೆ ಮಕ್ಕಳು ಅದನ್ನು ಹೊತ್ತುಕೊಂಡೇ ಹೊರಗೆ ಹೋಗುತ್ತಾರೆ. 13ನೇ ಕೀರ್ತನೆಯನ್ನು ಓದಿಸಿ. "ಎಷ್ಟರವರೆಗೆ" ಎಂದು ದೇವರನ್ನೇ ಕೇಳುವ ಧೈರ್ಯ ಅದರಲ್ಲಿದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹಳೆಯ ಅನುವಾದ ತೊಡಕೆನಿಸಿದರೆ ಬೈಬಲ್ ಸೊಸೈಟಿಯ ಸರಳ ಕನ್ನಡದ ಅನುವಾದವನ್ನೂ ಜೊತೆಗೆ ಇಡಿ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಇಡೀ ಸತ್ಯವೇದ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಈ ಸಂಗತಿಯನ್ನು ಮಕ್ಕಳಿಗೆ ಹೇಳಿ, ಕನ್ನಡದಲ್ಲಿ ಪ್ರಾರ್ಥಿಸಲು ನಾಚುವವರಿಗೆ ಹೆಮ್ಮೆ ಮೂಡುತ್ತದೆ. ಫೋನಿನಲ್ಲಿ ಬೈಬಲ್ ಓದುವ ಯೂವರ್ಷನ್ ಆ್ಯಪ್ ಉಚಿತ. ಕನ್ನಡವಲ್ಲದೆ ತಮಿಳು, ಹಿಂದಿ ಅನುವಾದಗಳೂ ಅದರಲ್ಲಿವೆ. ತಮಿಳು ಮನೆಮಾತಿನ ಮಗು ತನ್ನ ಭಾಷೆಯಲ್ಲೇ ಓದಲಿ. ಕಾಲೇಜು ವಿದ್ಯಾರ್ಥಿಗಳ ನಡುವೆ ಯು.ಇ.ಎಸ್.ಐ., ಶಾಲಾ ಮಕ್ಕಳ ನಡುವೆ ಸ್ಕ್ರಿಪ್ಚರ್ ಯೂನಿಯನ್ ಎಂಬ ಕ್ರೈಸ್ತ ಸಂಘಟನೆಗಳು ಕೆಲಸ ಮಾಡುತ್ತವೆ. ಕಥೋಲಿಕರಲ್ಲಿ ವೈ.ಸಿ.ಎಸ್., ಐ.ಸಿ.ವೈ.ಎಂ. ಎಂಬ ಯುವ ಸಂಘಟನೆಗಳಿವೆ. 1963ರಲ್ಲಿ ಸ್ಥಾಪನೆಯಾದ ಕಥೋಲಿಕರ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ನಮ್ಮ ಹಾಸನವೂ ಸೇರುತ್ತದೆ. ಪಕ್ಕದ ಧರ್ಮಕೇಂದ್ರದ ಫಾದರ್ ಅವರನ್ನು ಮಾತಾಡಿಸಿ, ಕ್ರಿಸ್‌ಮಸ್ ಹಾಡುಗಳನ್ನು ಒಟ್ಟಿಗೆ ಕಲಿಸಿ.

ಇನ್ನು ಮಕ್ಕಳ ಸುರಕ್ಷತೆ. ಇದರಲ್ಲಿ ದಾಕ್ಷಿಣ್ಯ ಬೇಡ. ಯಾವ ದೊಡ್ಡವರೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಪ್ರವಾಸಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ರಾತ್ರಿ ಹೊತ್ತು ಮಕ್ಕಳಿಗೆ ಖಾಸಗಿ ವಾಟ್ಸ್‌ಆ್ಯಪ್ ಸಂದೇಶ ಕಳಿಸಬಾರದು. ಲೈಂಗಿಕ ದೌರ್ಜನ್ಯವಾಗಿದೆ ಎಂದು ಮಗು ಹೇಳಿದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಹಿರಿಯರ ಸಮಿತಿಯಲ್ಲಿ ರಾಜಿ ಮಾಡಿ ಮುಗಿಸುವ ವಿಷಯವೇ ಅಲ್ಲ. ಮಕ್ಕಳ ಸಹಾಯವಾಣಿ 1098. ಬದುಕು ಸಾಕೆನ್ನುವ ಮಾತು ಕೇಳಿಸಿದರೆ ಪ್ರಾರ್ಥಿಸಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಿ, ವೈದ್ಯರ ಬಳಿ ಕರೆದೊಯ್ಯಿರಿ. 14416ರಲ್ಲಿ ಹಗಲೂ ರಾತ್ರಿಯೂ ಉತ್ತರಿಸುತ್ತಾರೆ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ನೀವು ದಣಿದಿದ್ದರೆ 1 ಅರಸುಗಳು 19 ಓದಿ. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ವಾರದಲ್ಲಿ ಒಂದು ಸಂಜೆ ಸಭೆಯ ಯಾವ ಕೆಲಸವನ್ನೂ ಮುಟ್ಟಬೇಡಿ. ವಿಮೋಚನಕಾಂಡ 18ರಲ್ಲಿ ಮಾವ ಇತ್ರೋ ಮೋಶೆಗೆ ಹೇಳಿದ ಬುದ್ಧಿಯೂ ನಮಗೆ ಬೇಕು: ಒಬ್ಬನೇ ಹೊತ್ತರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ. ಪಿಯುಸಿ ಮುಗಿಸಿದ ಇಬ್ಬರನ್ನು ಆರಿಸಿಕೊಂಡು ಆ ನೋಟ್‌ಬುಕ್ಕಿನ ಐದಾರು ಹೆಸರುಗಳನ್ನು ಅವರಿಗೆ ಒಪ್ಪಿಸಿ. ಅವರು ಎಡವುತ್ತಾರೆ, ಎಡವಲಿ, ಪಕ್ಕದಲ್ಲಿರಿ.

ಓದಿಗೋ ಕೆಲಸಕ್ಕೋ ಬೆಂಗಳೂರಿಗೆ, ಮಂಗಳೂರಿಗೆ ಹೋಗುವವರೇ ನಮ್ಮಲ್ಲಿ ಹೆಚ್ಚು. ಸಭೆ ಅವರನ್ನು ಕಳೆದುಕೊಳ್ಳುವುದು ಆಗಲೇ. ಬಸ್ ಹತ್ತುವ ಮೊದಲೇ ಅವರು ಇರುವ ಬಡಾವಣೆಯ ಹತ್ತಿರದ ಸಭೆ ಯಾವುದೆಂದು ವಿಚಾರಿಸಿ, ಅಲ್ಲಿನ ಸಭಾಪಾಲಕರ ಫೋನ್ ನಂಬರ್ ಕೊಡಿ. ಆ ಸಭಾಪಾಲಕರಿಗೂ ಒಂದು ಮಾತು ಹೇಳಿಡಿ. ಮೊದಲ ತಿಂಗಳೊಳಗೆ ನೀವೇ ಫೋನ್ ಮಾಡಿ. ಊಟ ಹೇಗಿದೆ, ಕೋಣೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಮೊದಲು ಕೇಳಿ. ಆರಾಧನೆಗೆ ಹೋದೆಯಾ ಎಂಬುದನ್ನು ಆಮೇಲೆ ಕೇಳಿದರಾಯಿತು.