‘ತಾ’ ಪದದ ಒಡಹುಟ್ಟು ಯಾವುದು?

ನನ್ನದು ಕರಡು ತಿದ್ದುವ ಕೆಲಸ. ಒಂದು ದಿನ ಒಂದೇ ಪುಟದಲ್ಲಿ ‘ತಾ’ ಮತ್ತು ‘ದಾನ’ ಎರಡೂ ಕಣ್ಣಿಗೆ ಬಿದ್ದವು. ಸಂಸ್ಕೃತದ ‘ದಾ’ ಧಾತುವಿಗೆ ಕೊಡು ಎಂದರ್ಥ. ಲ್ಯಾಟಿನ್ನಿನಲ್ಲಿ ಕೊಡುವುದಕ್ಕೆ ‘ದಾರೆ’. ತಮಿಳಿನಲ್ಲಿ ‘ತಾ’ ಎಂದರೂ ಕೊಡು ಎಂದೇ. ಇಷ್ಟು ಸಾಕಾಯಿತು, ಎಲ್ಲವೂ ಒಂದೇ ಬೇರಿನವು ಎಂದು ಅಂದೇ ಬರೆದಿಟ್ಟುಕೊಂಡೆ. ಆಮೇಲೆ ಎರಡು ವರ್ಷ ಅದೇ ಗುಂಗು. ಕನ್ನಡದ ‘ಊರು’, ಸುಮೇರಿಯನ್ನರ ‘ಉರು’, ಎರಡಕ್ಕೂ ಜನವಸತಿಯ ಅರ್ಥ. ಕನ್ನಡದ ‘ಮನೆ’, ಇಂಗ್ಲಿಷಿನ ‘ಮ್ಯಾನ್ಷನ್’. ಪಾರ್ಸಿಯ ‘ಬದ್’, ಇಂಗ್ಲಿಷಿನ ‘ಬ್ಯಾಡ್’. ಒಂದೊಂದು ಜೋಡಿಗೆ ಒಂದೊಂದು ಚೀಟಿ ಮಾಡಿ ಡಬ್ಬದಲ್ಲಿಡುತ್ತಿದ್ದೆ. ಇನ್ನೂರರ ಹತ್ತಿರ ಬಂದಿದ್ದವು. ಅವುಗಳಲ್ಲಿ ಮುಕ್ಕಾಲು ಪಾಲನ್ನು ಕೊನೆಗೆ ನಾನೇ ಕೈಯಾರೆ ಹೊಡೆದುಹಾಕಬೇಕಾಯಿತು. ಅದು ಹೇಗಾಯಿತು ಎಂಬುದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಬಿದ್ದದ್ದು ‘ತಾ’ ಚೀಟಿಯೇ. ಆ ಪದದ ರೂಪಗಳನ್ನೆಲ್ಲ ಸಾಲಾಗಿ ಬರೆಯುತ್ತ ಹೋದೆ: ತಾ, ತಂದ, ತರುತ್ತಾನೆ, ತರಲಿ. ಬರೆಯುವಾಗಲೇ ಕೈ ನಿಂತಿತು. ಇದೇ ನಡಿಗೆಯ ಇನ್ನೊಂದು ಪದ ನಾಲಗೆಯ ತುದಿಯಲ್ಲೇ ಇತ್ತು: ಬಾ, ಬಂದ, ಬರುತ್ತಾನೆ, ಬರಲಿ. ತಮಿಳಿನಲ್ಲಿ ನೋಡಿದರೆ ಅಲ್ಲೂ ‘ವಾ’ಗೆ ‘ವಂದಾನ್’, ‘ತಾ’ಗೆ ‘ತಂದಾನ್’. ಅದೇ ಹೊತ್ತಿಗೆ ಸಂಸ್ಕೃತದ ‘ದಾ’ ಹೇಗೆ ನಡೆಯುತ್ತದೆ? ದದಾತಿ, ದತ್ತ, ದಾಸ್ಯತಿ. ಎಲ್ಲೂ ತಾಳೆಯಾಗಲಿಲ್ಲ. ‘ತಾ’ ಪದದ ಒಡಹುಟ್ಟು ‘ಬಾ’; ‘ದಾ’ ದಾರಿಯಲ್ಲಿ ಸಿಕ್ಕ ಅಪರಿಚಿತ ಮಾತ್ರ. ಅರ್ಥವೂ ಇದನ್ನೇ ಹೇಳುತ್ತದೆ. ‘ಬಾ’ ಎಂದರೆ ಮಾತಾಡುವವನ ಕಡೆಗೆ ನಡೆದು ಬರುವುದು, ‘ತಾ’ ಎಂದರೆ ಮಾತಾಡುವವನ ಕಡೆಗೆ ಒಂದನ್ನು ಹಿಡಿದು ಬರುವುದು. ಬೇರೆಯವರಿಗೆ ಕೊಡುವುದಕ್ಕೆ ದ್ರಾವಿಡದಲ್ಲಿ ‘ಈ’ ಎಂಬ ಬೇರೆಯದೇ ಕ್ರಿಯಾಪದವಿತ್ತು. ನಮ್ಮ ‘ಇತ್ತನು’ ಅದರದೇ ರೂಪ. ತಮಿಳಿನ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂ ಈ, ತಾ, ಕೊಡು ಎಂಬ ಮೂರನ್ನೂ ಒಟ್ಟಿಗೆ ಹಿಡಿದು, ಬೇಡುವವನು ಕಿರಿಯನಾದರೆ ‘ಈ’, ಸಮಾನನಾದರೆ ‘ತಾ’, ಹಿರಿಯನಾದರೆ ‘ಕೊಡು’ ಎಂದು ವಿಂಗಡಿಸುತ್ತದೆ. ಕೊಡುವ ಮಾತಿನಲ್ಲೇ ಯಾರು ಯಾರೆದುರು ನಿಂತಿದ್ದಾರೆ ಎಂಬ ಲೆಕ್ಕ ಸೇರಿಹೋಗಿದೆ. ನನ್ನ ತಪ್ಪು ಚೀಟಿಗಿಂತ ಈ ನಿಜ ಎಷ್ಟೋ ಚೆಂದ ಅನ್ನಿಸಿತು.

ಅಂದಿನಿಂದ ಒಂಟಿ ಪದವನ್ನು ನಂಬುವುದು ಬಿಟ್ಟೆ. ಯಾವ ಪದವನ್ನೇ ಆಗಲಿ ಅದರ ಬಳಗದ ಸಮೇತ ನೋಡುವುದು ರೂಢಿಯಾಯಿತು.

ಎರಡನೆಯ ಪಾಠ ಕಲಿಸಿದ್ದು ‘ಡೇ’. ಇಂಗ್ಲಿಷಿನ ‘ಡೇ’, ಲ್ಯಾಟಿನ್ನಿನ ‘ಡಿಯೆಸ್’, ಸಂಸ್ಕೃತದ ‘ದಿನ’, ಮೂರಕ್ಕೂ ಹಗಲು ಎಂಬ ಅರ್ಥ, ಮೂರೂ ಒಂದೇ ಭಾಷಾಕುಟುಂಬದವು. ಇನ್ನೇನು ಅನುಮಾನ? ಆದರೂ ಒಮ್ಮೆ ಬಳಗ ಸೇರಿಸಿ ನೋಡೋಣವೆಂದು ಕುಳಿತೆ. ಸಂಸ್ಕೃತದ ದಕಾರ ಇಂಗ್ಲಿಷಿನಲ್ಲಿ ಏನಾಗುತ್ತದೆ? ದ್ವಿ–ಟೂ, ದಶ–ಟೆನ್, ದಂತ–ಟೂತ್. ಪ್ರತಿ ಸಲವೂ ಟಕಾರ. ಹಾಗಾದರೆ ಇಂಗ್ಲಿಷಿನ ಡಕಾರಕ್ಕೆ ಸಂಸ್ಕೃತದಲ್ಲಿ ಏನು? ಮಧ್ಯ–ಮಿಡ್, ರುಧಿರ–ರೆಡ್, ವಿಧವಾ–ವಿಡೋ. ಅಲ್ಲಿ ಧಕಾರ. ಅಂದಮೇಲೆ ‘ದಿನ’ಕ್ಕೆ ‘ಡೇ’ ನಂಟಾಗಲು ಸಾಧ್ಯವೇ ಇಲ್ಲ; ನಂಟಾಗಿದ್ದರೆ ಅದು ಟಕಾರದಿಂದ ಶುರುವಾಗಬೇಕಿತ್ತು. ‘ಡಿಯೆಸ್’ ಬೆಳಕಿನ ಬಳಗಕ್ಕೆ ಸೇರಿದ್ದು, ನಮ್ಮ ದಿವ, ದೇವ ಇರುವ ಮನೆಗೆ. ‘ಡೇ’ಯನ್ನು ಬಹುಪಾಲು ವಿದ್ವಾಂಸರು ಸುಡುವ ಅರ್ಥದ ಧಾತುವಿನ ಕಡೆಗೆ, ಅಂದರೆ ನಮ್ಮ ದಹನ, ನಿದಾಘ ಇರುವ ಕಡೆಗೆ ಸೇರಿಸುತ್ತಾರೆ (ಆ ಧಾತುವಿನ ದಕಾರ ಮೂಲದಲ್ಲಿ ಧಕಾರವೇ). ಒಂದು ಬೆಳಗುವ ಹಗಲು, ಇನ್ನೊಂದು ಸುಡುವ ಹಗಲು. ನಿಜವಾದ ನಂಟು ಕಿವಿಗೆ ಗೊತ್ತಾಗುವುದಿಲ್ಲ. ನಿಯಮ ತಪ್ಪದೆ ಬೇರೆಬೇರೆ ಕೇಳಿಸುವುದೇ ನಂಟಿನ ಗುರುತು.

ಅದೇ ಹೊತ್ತಿಗೆ ‘ದ್ವಿ’ ಚೀಟಿಯಲ್ಲಿ ನಾನು ಸೇರಿಸಿದ್ದ ಮಲಯ ಭಾಷೆಯ ‘ದುವ’ ಕೂಡ ಹೋಯಿತು. ಎರಡು ಎಂದೇ ಅರ್ಥ, ಲ್ಯಾಟಿನ್ನಿನ ‘ದುವೊ’ವನ್ನು ಪಡಿಯಚ್ಚು ತೆಗೆದ ಹಾಗಿದೆ, ಆದರೆ ಅದು ಆಸ್ಟ್ರೋನೇಷಿಯನ್ ಕುಟುಂಬದ ಸ್ವಂತ ಪದ, ಎರವಲಲ್ಲ. ಎಲ್ಲಕ್ಕಿಂತ ದಂಗುಬಡಿಸಿದ್ದು ಆಸ್ಟ್ರೇಲಿಯಾದ ಎಂಬಬರಂ ಭಾಷೆ. ಈಗ ಮಾತಾಡುವವರಿಲ್ಲದ ಆ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಆ ಭಾಷೆಯನ್ನು ದಾಖಲಿಸಿದ ಆರ್. ಎಂ. ಡಬ್ಲ್ಯು. ಡಿಕ್ಸನ್ ಅದರ ಹಾದಿಯನ್ನು ತೋರಿಸಿದ್ದಾರೆ: ಮೂಲರೂಪ ‘ಗುದಗ’, ನೆರೆಯ ಯಿಡಿನಿ ಭಾಷೆಯಲ್ಲಿ ಇಂದಿಗೂ ಹಾಗೇ ಇದೆ. ಎಂಬಬರಂನಲ್ಲಿ ಮೊದಲ ಅಕ್ಷರ ಉದುರಿತು, ಉದುರುವ ಮೊದಲು ಅದು ಮುಂದಿನ ಸ್ವರದ ಬಣ್ಣ ಬದಲಿಸಿತು, ಕೊನೆಯ ಅಕಾರವೂ ಹೋಯಿತು. ಇಂಗ್ಲಿಷಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಯಾಕೆ ಹೀಗೆ ಎಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದೆ. ಒಂದು ಭಾಷೆಯಲ್ಲಿ 20 ವ್ಯಂಜನ, 5 ಸ್ವರ ಎಂದಿಟ್ಟುಕೊಳ್ಳಿ. ‘ತಾ’, ‘ಬಾ’ದಂಥ ರಚನೆಗಳು 100 ಮಾತ್ರ. ಕೊನೆಗೊಂದು ವ್ಯಂಜನ ಸೇರಿಸಿದರೂ 2,000. ಹೇಳಬೇಕಾದ ಅರ್ಥಗಳೋ ಇದಕ್ಕಿಂತ ಎಷ್ಟೋ ಪಟ್ಟು. ಜಗತ್ತಿನಲ್ಲಿ ಸಾವಿರಾರು ಭಾಷೆಗಳಿರುವಾಗ ಎಲ್ಲೋ ಒಂದು ಕಡೆ ಸದ್ದೂ ಅರ್ಥವೂ ಕೂಡಿಬರದೆ ಹೋದರೇ ಆಶ್ಚರ್ಯ. ‘ಊರು’–‘ಉರು’ ಚೀಟಿಯ ಮೇಲೆ ಗೆರೆ ಎಳೆದದ್ದು ಆಗಲೇ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ದೂರದ ಭಾಷೆಗಳ ಹುಚ್ಚು ಇಳಿದ ಮೇಲೆ ಕನ್ನಡದೊಳಗೇ ಹುಡುಕತೊಡಗಿದೆ. ನನಗೆ ಹೆಚ್ಚು ದಕ್ಕಿದ್ದು ಇಲ್ಲಿಯೇ. ಹಳಗನ್ನಡದ ಪಕಾರ ಹಕಾರವಾದದ್ದು ಹೆಚ್ಚಿನವರಿಗೆ ಗೊತ್ತು: ಪೋ–ಹೋ, ಪೂ–ಹೂ, ಪಾಲ್–ಹಾಲು. ಆದರೆ ನಮ್ಮ ವರ್ಣಮಾಲೆಯಿಂದ ಬಿದ್ದುಹೋದ ೞ, ಱ ಎಂಬ ಎರಡು ಅಕ್ಷರಗಳು ತಮ್ಮೊಂದಿಗೆ ಎಷ್ಟು ಗುರುತುಗಳನ್ನು ಅಳಿಸಿಹಾಕಿವೆ ಎಂಬುದು ‘ಬಾಳೆ’ ಪದವನ್ನು ಹಿಡಿದಾಗಲೇ ನನಗೆ ತಿಳಿದದ್ದು. ಪರಿಚಿತರೊಬ್ಬರು, ಎಲೆ ಕತ್ತಿಯ ಹಾಗೆ ಉದ್ದವಿರುವುದರಿಂದ ‘ಬಾಳ್’ ಎಂಬ ಕತ್ತಿಯ ಹೆಸರೇ ಬಾಳೆಗೆ ಬಂತು ಎಂದು ಹೇಳಿದ್ದರು. ಕೇಳಲು ಸೊಗಸಾಗಿತ್ತು, ಅಚ್ಚಿಗೂ ಹೋಗುವುದರಲ್ಲಿತ್ತು. ಕಿಟೆಲ್ ಅವರ 1894ರ ನಿಘಂಟನ್ನು ತೆರೆದೆ. ಅವರು ಹಳೆಯ ಅಕ್ಷರಗಳನ್ನು ಉಳಿಸಿಕೊಂಡಿದ್ದಾರೆ. ಕತ್ತಿಗೆ ‘ಬಾಳ್’, ಜೀವಿಸುವುದಕ್ಕೆ ‘ಬಾೞ್’, ಗಿಡಕ್ಕೆ ‘ಬಾೞೆ’. ತಮಿಳು, ಮಲಯಾಳಂ ಈ ಭೇದವನ್ನು ಇವತ್ತಿಗೂ ಬಾಯಲ್ಲಿ ಇಟ್ಟುಕೊಂಡಿವೆ: ಕತ್ತಿ ‘ವಾಳ್’, ಬಾಳೆ ತಮಿಳಿನಲ್ಲಿ ‘ವಾೞೈ’, ಮಲಯಾಳಂನಲ್ಲಿ ‘ವಾೞ’. ಕತ್ತಿಯ ಕಥೆ ಅಲ್ಲಿಗೇ ತುಂಡಾಯಿತು. ಹಾಗೆಂದು ‘ಬದುಕು ಕೊಡುವ ಗಿಡ’ ಎಂದು ‘ಬಾೞ್’ಗೆ ಗಂಟುಹಾಕಲೂ ನಾನು ಹೋಗಲಿಲ್ಲ. ಅಕ್ಷರ ಹೊಂದಿದರೆ ಬಾಗಿಲು ತೆರೆದಂತೆ, ಒಳಗೆ ಕಾಲಿಡಲು ಬೇರೆ ಆಧಾರ ಬೇಕು.

ಇದೇ ರೀತಿ, ಕೆಲಸದವನು ಎಂಬ ಅರ್ಥದ ‘ಆಳು’ ಮತ್ತು ‘ಆಳ’ ಬೇರೆ ಬೇರೆ. ಮೊದಲನೆಯದರಲ್ಲಿ ಳಕಾರ, ಎರಡನೆಯದರಲ್ಲಿ ೞಕಾರ. ತಿಳಿವಿನ ‘ಅರಿ’ ಱಕಾರದ್ದು, ಕತ್ತರಿಸುವ ‘ಅರಿ’ ಸಾಮಾನ್ಯ ರಕಾರದ್ದು. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಆಗಲೇ ಜನ ಅವನ್ನು ಬೆರೆಸತೊಡಗಿದ್ದರೆಂದಲ್ಲದೆ ಅಂಥ ಪಟ್ಟಿ ಯಾಕೆ ಬೇಕಿತ್ತು? ಆ ಪುಟಗಳನ್ನು ಓದುವಾಗ, ಕಣ್ಮರೆಯಾಗುತ್ತಿದ್ದ ಒಂದು ಸದ್ದನ್ನು ಅಂಗೈಯಲ್ಲಿ ಹಿಡಿದಿಡಲು ಒಬ್ಬ ಮನುಷ್ಯ ಪಟ್ಟ ಪಾಡು ಕಂಡು ಮನಸ್ಸು ತುಂಬಿ ಬರುತ್ತದೆ.

ಅಪ್ಪ, ಅಮ್ಮ, ಮಾಮಗಳನ್ನು ನಾನು ಹೊರಗಿಟ್ಟಿದ್ದೇನೆ. ಕೂಸಿನ ತುಟಿಗೆ ಸುಲಭವಾದ ಸದ್ದುಗಳು ಎಲ್ಲ ಕಡೆಯೂ ಹೆತ್ತವರ ಹೆಸರಾಗುತ್ತವೆ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೆದಾ’ ಎಂದರೆ ತಾಯಿ.

ಪುಟ್ಟ ಪದಗಳು ಭಾಷೆಯಿಂದ ಭಾಷೆಗೆ ಹೋಗಿ ನೆಲೆಸುವುದೂ ಉಂಟು. ಸಂಸ್ಕೃತದ ‘ಮೀನ’ ದ್ರಾವಿಡದಿಂದ ಹೋದದ್ದೆಂದು ಭಾಷಾವಿಜ್ಞಾನಿಗಳು ಒಪ್ಪುತ್ತಾರೆ. ತಮಿಳಿನಲ್ಲಿ ‘ಮೀನ್’ ನಕ್ಷತ್ರವೂ ಹೌದು. ಹೊಳೆಯುವುದು ಎಂಬ ಅರ್ಥದ ‘ಮಿನ್’ ಎರಡಕ್ಕೂ ಹಿಂದಿದೆ ಎನ್ನುವವರಿದ್ದಾರೆ. ನಮ್ಮ ‘ಮಿಂಚು’, ‘ಮಿನುಗು’ ನೆನೆದರೆ ಆ ಮಾತು ನನಗೆ ಒಪ್ಪಿಗೆಯೇ. ಸಂಸ್ಕೃತದಿಂದ ಬಂದವುಗಳಲ್ಲಿ ನನಗೆ ಅಚ್ಚುಮೆಚ್ಚು ‘ಖಗ’ ಮತ್ತು ‘ನಗ’. ‘ಖ’ ಎಂದರೆ ಆಕಾಶ, ‘ಗ’ ಎಂದರೆ ಹೋಗುವುದು: ಖಗ, ಹಕ್ಕಿ. ‘ನ’ ಸೇರಿದರೆ ಹೋಗದಿರುವುದು: ನಗ, ಬೆಟ್ಟ. ಎರಡೇ ಅಕ್ಷರದಲ್ಲಿ ಹಾರುವುದೂ ಕದಲದಿರುವುದೂ ಬಂದುಬಿಟ್ಟವು.

ಈಗ ಡಬ್ಬದಲ್ಲಿ ಉಳಿದಿರುವುದು ಐವತ್ತು ಚೀಟಿ. ಅವುಗಳಲ್ಲಿ ಎರಡನ್ನು ಸದ್ದು ಒಂದಿಷ್ಟೂ ಹೋಲದಿದ್ದರೂ ಪಿನ್ನು ಹಾಕಿ ಜೋಡಿಸಿದ್ದೇನೆ. ಒಂದು ಕನ್ನಡದ ‘ಕಾಲು’, ಇನ್ನೊಂದು ಸಂಸ್ಕೃತದ ‘ಪಾದ’. ಬೇರೆ ಬೇರೆ ಕುಟುಂಬ, ಬೇರೆ ಬೇರೆ ಧಾತು. ಆದರೆ ‘ಕಾಲು’ ಎಂದರೆ ನಡೆಯುವ ಅಂಗ, ನಾಲ್ಕರಲ್ಲಿ ಒಂದು ಪಾಲೂ ಹೌದು. ‘ಪಾದ’ಕ್ಕೂ ಅವೆರಡೇ ಅರ್ಥ, ಹಿಂದಿಯ ‘ಪಾವ್’ ಎಂಬ ಕಾಲು ಪಾಲು ಅದರಿಂದಲೇ ಬಂದದ್ದು. ನಾಲ್ಕು ಕಾಲಿನ ಪ್ರಾಣಿಯನ್ನು ನೋಡಿ, ಅದರ ಒಂದು ಕಾಲನ್ನು ಇಡಿಯ ಒಂದು ಪಾಲೆಂದು ಎಣಿಸಿದರು, ಎರಡು ಭಾಷೆಯ ಜನರೂ.